ಗಿರಣಿ ಕೊಳ್ಳುವ ಮುನ್ನ ಕಿರ್ದಿ ನೋಡಿರಿ



ಭಟ್ಕಳ, ಹೊನ್ನಾವರ, ಕುಮಟಾದ ಕಡೆ ನಮ್ಮ ಹಿಡುವಳಿಗಳು ಚಿಕ್ಕವು. ಮನೆಯಲ್ಲಿ ದುಡಿಯುವ ವಯಸ್ಸಿನ ಮಗನಿದ್ದರೆ, ಒಂದು ಅಕ್ಕಿ ಗಿರಣಿಯನ್ನೋ ಎಣ್ಣೆ ಗಿರಣಿಯನ್ನೋ ಕೊಳ್ಳೋಣವೆಂಬ ವಿಚಾರ ಬರುವುದು ಸಹಜ. ವಿಚಾರ ಒಳ್ಳೆಯದೇ. ಆದರೆ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನೊಗ ಹೂಡಿ ನೋಡುವ ನಾವು, ಗಿರಣಿ ಕೊಳ್ಳುವಾಗ ಯಂತ್ರದ ಬಣ್ಣ ನೋಡಿ ಮುಂಗಡ ಕೊಟ್ಟುಬಿಡಬಾರದು.

ಮೊದಲು ಮೂರು ವರ್ಷಗಳ ಕಿರ್ದಿ ಮತ್ತು ಖಾತೆ ಪುಸ್ತಕ ಕೇಳಿರಿ. ಒಂದೆರಡು ತಿಂಗಳ ಲೆಕ್ಕ ಸಾಲದು. ಕೊಯ್ಲು ಮುಗಿದ ಮೇಲೆ ಅಕ್ಕಿ ಗಿರಣಿಯಲ್ಲಿ ಜನ ಕಾದು ನಿಲ್ಲುತ್ತಾರೆ. ಜಡಿಮಳೆಯ ತಿಂಗಳುಗಳಲ್ಲಿ ಯಂತ್ರ ತಿರುಗುವುದೇ ಕಡಿಮೆ. ಮಾರುವವನು ತೋರಿಸುವುದು ಸುಗ್ಗಿಯ ಲೆಕ್ಕವನ್ನೇ.

ಕಿರ್ದಿ ಬರೆದವನು ಮಾರುವವನೇ. ಆದುದರಿಂದ ಅವನು ಬರೆಯದ ಸಾಕ್ಷಿಯೂ ಬೇಕು. ಹೆಸ್ಕಾಂ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು ಇವೇ ಆ ಸಾಕ್ಷಿಗಳು. ನಿಮ್ಮ ಎದುರಿಗೇ ಹತ್ತು ಕ್ವಿಂಟಲ್ ಭತ್ತ ಮಾಡಿಸಿ, ಎಷ್ಟು ಯೂನಿಟ್ ವಿದ್ಯುತ್ ಖರ್ಚಾಯಿತೆಂದು ಮೀಟರಿನಲ್ಲಿ ನೋಡಿರಿ. ಅದೇ ಪ್ರಮಾಣದಲ್ಲಿ ವರ್ಷದ ಯೂನಿಟ್ಟುಗಳಿಗೆ ಎಷ್ಟು ಭತ್ತವಾಗುತ್ತದೆಂದು ಲೆಕ್ಕ ಹಾಕಿರಿ. ಕಿರ್ದಿಯಲ್ಲಿ ಅದಕ್ಕಿಂತ ಬಹಳ ಹೆಚ್ಚಿದ್ದರೆ ಕಿರ್ದಿಯನ್ನು ನಂಬಬೇಡಿರಿ.

ಈಗ ಲಾಭದ ಮಾತು. ಉದಾಹರಣೆಗೆ, ವರ್ಷದ ಹುಟ್ಟುವಳಿ 6 ಲಕ್ಷ ರೂಪಾಯಿ, ಖರ್ಚು 4 ಲಕ್ಷ 20 ಸಾವಿರ, ಉಳಿತಾಯ 1 ಲಕ್ಷ 80 ಸಾವಿರ ಎಂದು ಪುಸ್ತಕದಲ್ಲಿದೆ ಎನ್ನೋಣ. ಖರ್ಚಿನಲ್ಲಿ ಮಾಲಕನದೂ ಅವನ ಮಗನದೂ ಸಂಬಳ ಸೇರಿದೆಯೇ? ಸೇರಿಲ್ಲದಿದ್ದರೆ, ಅವರ ದುಡಿಮೆಗೆ ತಿಂಗಳಿಗೆ 10 ಸಾವಿರವೆಂದರೂ 1 ಲಕ್ಷ 20 ಸಾವಿರ ಕಳೆಯಬೇಕು. ಉಳಿಯುವುದು 60 ಸಾವಿರ. ಗಿರಣಿಗಾಗಿ 6 ಲಕ್ಷ ಸಾಲ ತಂದರೆ, ನೂರಕ್ಕೆ ಹತ್ತರ ಬಡ್ಡಿಗೇ ಅದು ಸರಿಹೋಯಿತು. ಅಸಲು ತೀರಿಸುವುದು ಯಾವುದರಿಂದ? ಕೊನೆಗೆ ತೋಟ ಮಾರಬೇಕಾದೀತು.

ಉದ್ರಿಯ ಪಟ್ಟಿಯನ್ನೂ ಹೆಸರು, ತಾರೀಖು ಸಹಿತ ಕೇಳಿರಿ. ಬರಹದ ಒಪ್ಪಿಗೆ ಇಲ್ಲದೆ ಮೂರು ವರ್ಷ ದಾಟಿದ ಉದ್ರಿಗೆ ಸಾಮಾನ್ಯವಾಗಿ ದಾವೆಯೂ ನಡೆಯದು. ಅಂಥದಕ್ಕೆ ಬೆಲೆ ಕಟ್ಟಬೇಡಿರಿ.

ಬಾಕಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2017ರ ಜಿ.ಎಸ್.ಟಿ. ಕಾಯಿದೆಯ 85ನೆಯ ಕಲಮಿನಂತೆ, ವ್ಯಾಪಾರ ಕೊಂಡವನು ಹಸ್ತಾಂತರದವರೆಗಿನ ತೆರಿಗೆ ಬಾಕಿಗೂ ಮಾರಿದವನೊಡನೆ ಹೊಣೆಗಾರನಾಗುತ್ತಾನೆ. ಹಳೆಯ ಮಾಲಕನ ವಿದ್ಯುತ್ ಬಾಕಿ ತೀರಿಸಿದ ಹೊರತು ಹೊಸಬನಿಗೆ ಸಂಪರ್ಕವಿಲ್ಲವೆಂದು ನಿಯಮಗಳಲ್ಲಿ ಷರತ್ತು ಇಡಬಹುದೆಂದು ಸುಪ್ರೀಂ ಕೋರ್ಟು 2023ರಲ್ಲಿ ತೀರ್ಪಿತ್ತಿದೆ. ಆದುದರಿಂದ ಹೆಸ್ಕಾಂ, ಬ್ಯಾಂಕು, ಪಂಚಾಯತಿಗಳಿಂದ ಬೇಬಾಕಿ ಪತ್ರ ತರಿಸಿರಿ. ಜಾಗವೂ ಸೇರಿದ್ದರೆ ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ. ಈ ಕಾಗದಗಳೆಲ್ಲ ಕೈಗೆ ಬರುವವರೆಗೆ ಹಣದ ಒಂದು ಭಾಗವನ್ನು ಹಿಡಿದಿಡಲು ಕರಾರಿನಲ್ಲೇ ಬರೆಯಿಸಿರಿ.

ಬಾಂಧವರೇ, ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ಪ್ರಾಮಾಣಿಕ ಮಾಲಕನು ಸಂತೋಷದಿಂದ ಪುಸ್ತಕ ತೆರೆದು ತೋರಿಸುತ್ತಾನೆ. "ನನ್ನ ಮಾತು ಸಾಲದೇ?" ಎನ್ನುವವನಿಗೆ ನಮಸ್ಕಾರ ಹೇಳಿ ಮನೆಗೆ ಬನ್ನಿರಿ. ಬೇರೆ ಗಿರಣಿ ಸಿಕ್ಕೀತು. ಮಾರಿದ ತೋಟ ತಿರುಗಿ ಸಿಗುವುದು ಕಷ್ಟ.