ಕಾದಂಬರಿಕಾರ ನಾ. ಡಿಸೋಜ: ಬದುಕು ಮತ್ತು ಬರಹ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಾಹಿತ್ಯ ಕೂಟದಲ್ಲಿ ಮಾಡಿದ ಭಾಷಣ)



ಹಿರಿಯರಿಗಾಗಿಯೂ ಮಕ್ಕಳಿಗಾಗಿಯೂ ಬರೆದ ಒಬ್ಬ ಕನ್ನಡ ಸಾಹಿತಿಯನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಈ ನೆಲದಲ್ಲಿ ನಿಂತು ಮಕ್ಕಳ ಸಾಹಿತ್ಯ ಎಂದೊಡನೆ ನೆನಪಾಗಬೇಕಾದವರು ಜಿ.ಪಿ. ರಾಜರತ್ನಂ. ಅವರು ಹುಟ್ಟಿದ್ದು ರಾಮನಗರದಲ್ಲಾದರೂ ಅವರ ಹೆಸರಿನ ಮೊದಲ ಅಕ್ಷರದಲ್ಲಿಯೇ ನಮ್ಮ ಗುಂಡ್ಲುಪೇಟೆ ಕುಳಿತಿದೆ, 'ಜಿ.ಪಿ.' ಎಂದರೆ ಗುಂಡ್ಲು ಪಂಡಿತ. 'ತುತ್ತೂರಿ'ಯ ಪದ್ಯಗಳನ್ನು ಬಾಯಿಪಾಠ ಮಾಡದೆ ಕನ್ನಡ ಶಾಲೆಯ ಮೆಟ್ಟಿಲಿಳಿದವರು ನಮ್ಮಲ್ಲಿ ವಿರಳ. ಆ ಹಿರಿಯರಿಗೆ ವಂದಿಸಿ, ಇಂದು ನಾವು ಮತ್ತೊಬ್ಬರ ಕಡೆಗೆ ತಿರುಗುತ್ತೇವೆ. ಅವರು ನಮ್ಮ ಜಿಲ್ಲೆಯವರಲ್ಲ, ಮಲೆನಾಡಿನ ಸಾಗರದವರು. ಆದರೆ ನಮ್ಮಂತೆಯೇ ಜಪಸರ ಹಿಡಿದು ಬೆಳೆದವರು. ಅವರೇ ನಾ. ಡಿಸೋಜ.

ಅವರನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಈ ಭಾಷಣದ ಸಿದ್ಧತೆಗೆಂದು ನಮ್ಮ ಧರ್ಮಕೇಂದ್ರದ ವಾಚನಾಲಯದ ಕಪಾಟನ್ನು ತೆರೆಸಿ ನೋಡಿದೆವು. ಸಂತರ ಚರಿತ್ರೆಗಳಿದ್ದವು, ಹಳೆಯ ಜಪಪುಸ್ತಕಗಳು, ಗೆದ್ದಲು ತಿಂದ ಪತ್ರಿಕೆಗಳ ಕಟ್ಟುಗಳು ಇದ್ದವು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಒಬ್ಬ ಕಥೋಲಿಕ ಲೇಖಕರ ಒಂದು ಪುಸ್ತಕವೂ ಅಲ್ಲಿರಲಿಲ್ಲ. ನೂರು ವರ್ಷಗಳ ಸಂಭ್ರಮದ ನಡುವೆ ಈ ಕೊರತೆಯನ್ನು ಹೇಳುವುದು ಸರಿಯೇ ಎಂದು ಒಂದು ಗಳಿಗೆ ಹಿಂಜರಿದೆವು. ಮನೆಯವರ ಮುಂದೆ ಹೇಳದೆ ಇನ್ನಾರ ಮುಂದೆ ಹೇಳುವುದು?

ನಾರ್ಬರ್ಟ್ ಡಿಸೋಜ ಎಂಬುದು ಅವರ ಪೂರ್ಣ ಹೆಸರು. ಜನನ 1937ರ ಜೂನ್ 6ರಂದು, ಸಾಗರದಲ್ಲಿ. ತಂದೆ ಫಿಲಿಪ್ ಡಿಸೋಜರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು; ತಾಯಿ ರೂಪೀನಾ. ಮೇಷ್ಟರು ಶಾಲೆಯ ಮಕ್ಕಳಿಗಾಗಿ ಶಿಶುಗೀತೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕವನ್ನು ಮಗ ತಿರುವಿ ತಿರುವಿ ಓದಿದ. ತಾಯಿಯ ಬಾಯಿಂದ ಕಥೆಗಳನ್ನೂ ಹಾಡುಗಳನ್ನೂ ಕೇಳಿದ. ಮುಂದೆ ಮೂವತ್ತಕ್ಕೂ ಮಿಕ್ಕಿ ಕಾದಂಬರಿಗಳನ್ನೂ ಮಕ್ಕಳಿಗೆಂದೇ ಇಪ್ಪತ್ತಕ್ಕೂ ಮಿಕ್ಕಿ ಪುಸ್ತಕಗಳನ್ನೂ ಬರೆದವರ ಮೊದಲ ಪಾಠಶಾಲೆ ಇಷ್ಟೇ: ಒಂದು ನೋಟುಬುಕ್ಕು, ಒಬ್ಬ ತಾಯಿ. ಇಲ್ಲಿ ಕುಳಿತಿರುವ ತಂದೆತಾಯಿಗಳು ಇದನ್ನು ಸ್ವಲ್ಪ ಗಮನಿಸಬೇಕೆಂದು ಕೋರುತ್ತೇವೆ.

ಸಾಗರ, ಶಿವಮೊಗ್ಗಗಳಲ್ಲಿ ವ್ಯಾಸಂಗ ಮಾಡಿ, ಬೆರಳಚ್ಚು ಕಲಿತು, 1959ರಲ್ಲಿ ಅವರು ಲೋಕೋಪಯೋಗಿ ಇಲಾಖೆಯ ನೌಕರಿಗೆ ಸೇರಿದರು. ನೇಮಕವಾದುದು ಶರಾವತಿ ಯೋಜನೆಗೆ. ಆಗ ಲಿಂಗನಮಕ್ಕಿಯಲ್ಲಿ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲ. ಎಂಜಿನಿಯರರು, ಗುತ್ತಿಗೆದಾರರು, ದೂರದೂರುಗಳಿಂದ ಬಂದ ಕೂಲಿಗಳು, ಲಾರಿಗಳು, ಸಿಮೆಂಟು: ಕಾರ್ಗಲ್ ಎಂಬ ಕಾಡಿನ ಊರು ಒಮ್ಮೆಲೇ ಜನಜಂಗುಳಿಯ ತಾಣವಾಯಿತು. ಆ ಕಚೇರಿಯ ಗುಮಾಸ್ತರ ನಡುವೆ ಈ ತರುಣನೂ ಒಬ್ಬ. ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅವರ ಮೊದಲ ಕಾದಂಬರಿ 'ಬಂಜೆ ಬೆಂಕಿ' ಬಂದುದೂ ಅದೇ ವರ್ಷ. 1995ರಲ್ಲಿ ನಿವೃತ್ತರಾಗುವವರೆಗೂ ಅವರು ಇಲಾಖೆಯ ನೌಕರರಾಗಿಯೇ ಉಳಿದರು. ಹಗಲು ಕಡತ, ಮಿಕ್ಕ ವೇಳೆ ಕಾದಂಬರಿ.

ಇಲ್ಲಿ ನಾವು ತುಸು ನಿಲ್ಲಬೇಕು. ಅಣೆಕಟ್ಟಿನ ಕಚೇರಿಯ ಕಡತದಲ್ಲಿ ಏನಿರುತ್ತದೆ? ಸರ್ವೆ ನಂಬರು, ಎಕರೆ, ಗುಂಟೆ, ಪರಿಹಾರದ ಮೊತ್ತ. ಅಂಗಳದ ತುಳಸಿಕಟ್ಟೆ ಇರುವುದಿಲ್ಲ. ಅಜ್ಜ ನೆಟ್ಟ ಹಲಸಿನ ಮರಕ್ಕೆ ಬೆಲೆ ಬರೆದಿರಬಹುದು, ಅಜ್ಜನ ಹೆಸರು ಬರೆದಿರುವುದಿಲ್ಲ. ಕಡತದಲ್ಲಿ ಜಾಗ ಸಿಗದ ಇಂಥದನ್ನೆಲ್ಲ ಡಿಸೋಜರು ಕಾದಂಬರಿಯೊಳಗೆ ತಂದರು. 'ಮುಳುಗಡೆ', 'ಒಡ್ಡು', 'ದ್ವೀಪ', 'ಈ ನೆಲ ಈ ಜಲ' ಮೊದಲಾದವುಗಳ ಹೆಸರುಗಳನ್ನು ಕೇಳಿದರೇ ಸಾಕು, ಅವರ ಮನಸ್ಸು ಯಾವ ದಡದಲ್ಲಿ ನಿಂತಿತ್ತೆಂಬುದು ತಿಳಿಯುತ್ತದೆ. ಅವರು ತಮಗೆ ಸಂಬಳ ಕೊಡುತ್ತಿದ್ದ ಕೆಲಸದ ಮತ್ತೊಂದು ಮುಖವನ್ನು ಬರೆಯುತ್ತಿದ್ದರು. ಇದಕ್ಕೆ ಬೇಕಾದ ಧೈರ್ಯ ದೊಡ್ಡ ದನಿಯ ಧೈರ್ಯವಲ್ಲವಾದ್ದರಿಂದ ಅನೇಕರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಗುಂಡ್ಲುಪೇಟೆ, ಚಾಮರಾಜನಗರಗಳ ಜನರಿಗೆ ನೀರೆಂದರೆ ಬೇರೆಯೇ ಅರ್ಥ. ಮಳೆಗಾಗಿ ಪ್ರಾರ್ಥಿಸಿ, ಕೆರೆ ತುಂಬೀತೇ ಎಂದು ಮುಗಿಲು ನೋಡುವ ಸೀಮೆ ನಮ್ಮದು. ಸುವರ್ಣಾವತಿಯ ಜಲಾಶಯ ತುಂಬಿದ ವರ್ಷ ನಮಗೆ ಹಬ್ಬ. ನೀರು ಏರುವುದು ಒಂದು ಊರಿಗೆ ಮರಣವಾಗಬಹುದೆಂಬುದು ನಮಗೆ ಸುಲಭವಾಗಿ ಹೊಳೆಯುವ ಮಾತಲ್ಲ. ಆದರೆ 1960ರ ದಶಕದಿಂದ ಈಚೆಗೆ ನಮ್ಮ ನಾಡಿನ ಮನೆಗಳಲ್ಲಿ ಉರಿದ ವಿದ್ಯುದ್ದೀಪಗಳಿಗೆ ಶಕ್ತಿಯ ದೊಡ್ಡ ಪಾಲು ಹರಿದು ಬಂದುದು ಶರಾವತಿಯಿಂದ. ಪೀಠದ ಮೇಲಣ ಮೇಣದ ಬತ್ತಿಗಳ ಜೊತೆಗೆ ಬಲ್ಬು ಹೊತ್ತಿಕೊಂಡ ದಿನ ನಮ್ಮ ಹಿರಿಯರು ಆನಂದಪಟ್ಟಿರಬೇಕು. ಆ ಬೆಳಕಿಗಾಗಿ ಎಲ್ಲೋ ಒಂದು ಕಡೆ ಒಬ್ಬರ ಒಲೆ ನೀರಿನಡಿಗೆ ಹೋಯಿತೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಮಗೆ ಹೇಳಿದವರು ಡಿಸೋಜರು.

'ದ್ವೀಪ'ದ ಕಥೆ ಸರಳವಾದುದು. ಹೊಳೆಗೆ ಅಣೆಕಟ್ಟು ಕಟ್ಟಿದ್ದಾರೆ. ನೆರೆಹೊರೆಯವರು ಒಬ್ಬೊಬ್ಬರಾಗಿ ಪರಿಹಾರ ಪಡೆದು ಹೊರಡುತ್ತಾರೆ. ಗಣಪಯ್ಯ, ಅವನ ಹೆಂಡತಿ ನಾಗವೇಣಿ ಉಳಿಯುತ್ತಾರೆ. ಸುತ್ತ ನೀರು ಏರುತ್ತಾ ಬಂದು ಅವರಿದ್ದ ಗುಡ್ಡ ದ್ವೀಪವಾಗುತ್ತದೆ. ಹೊರಗಿನ ನೀರಿನೊಡನೆ ಗಂಡಹೆಂಡಿರ ನಡುವೆಯೂ ಏನೋ ಏರುತ್ತಾ ಹೋಗುತ್ತದೆ. ಇದಕ್ಕಿಂತ ಹೆಚ್ಚು ಹೇಳಿ ಓದುವವರ ಸುಖವನ್ನು ನಾವು ಕೆಡಿಸುವುದಿಲ್ಲ. ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರ ಮಾಡಿದರು. ಸೌಂದರ್ಯ ಅವರು ನಾಯಕಿಯಾಗಿ ನಟಿಸಿದ ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. ಅದಕ್ಕೂ ಮೊದಲು, 1988ರಲ್ಲಿ, ಅವರ 'ಕಾಡಿನ ಬೆಂಕಿ'ಯನ್ನು ಸುರೇಶ್ ಹೆಬ್ಳೀಕರ್ ತೆರೆಗೆ ತಂದಿದ್ದರು. ಸಿನಿಮಾ ನೋಡಿದವರು ಪುಸ್ತಕ ಓದಬೇಕಾಗಿಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ತಪ್ಪು.

ನಮ್ಮಲ್ಲಿಯೂ ನೆಲ ಬಿಟ್ಟವರಿದ್ದಾರೆ. ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದರೆ ಬಂಡೀಪುರ. ಅಲ್ಲಿ 1973ರಲ್ಲಿ ಹುಲಿ ಯೋಜನೆ ಬಂತು. ಚಾಮರಾಜನಗರದಿಂದ ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ಅದು 1974ರಲ್ಲಿ ಅಭಯಾರಣ್ಯವಾಯಿತು. ಕಾಡಿನೊಳಗಿನ ಪೋಡುಗಳಿಂದ ಸೋಲಿಗರು ಅಂಚಿಗೆ ಬಂದರು. ಸಮುದಾಯದ ಅರಣ್ಯ ಹಕ್ಕು ಅವರ ಕೈಗೆ ಪತ್ರವಾಗಿ ಬರಲು 2011ರವರೆಗೆ ಕಾಯಬೇಕಾಯಿತು. ಶರಾವತಿಯಲ್ಲಿ ನೀರು ಮಾಡಿದ್ದನ್ನು ಇಲ್ಲಿ ಬೇಲಿ ಮಾಡಿತು. ಡಿಸೋಜರ ಕಾದಂಬರಿಯನ್ನು ಓದಿದ ಮೇಲೆ ಸಂತೆಯಲ್ಲಿ ಜೇನು ಮಾರಲು ಕುಳಿತ ಸೋಲಿಗ ಅಜ್ಜಿಯೊಡನೆ ನಾವು ಚೌಕಾಸಿ ಮಾಡುವ ರೀತಿ ಬದಲಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಇನ್ನು ಅವರು ಬರೆದ ಕ್ರೈಸ್ತ ಬದುಕಿನ ಮಾತು. ಘಟ್ಟದ ಕೆಳಗಿನಿಂದ ಮೇಲೆ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರನ್ನೂ ಇಗರ್ಜಿಯ ಸುತ್ತಲಿನ ಅವರ ಮನೆಗಳನ್ನೂ ಕುರಿತು ಅವರು ಬರೆದ ಕಾದಂಬರಿಯೊಂದಿದೆ. 'ಇಗರ್ಜಿ' ಎಂಬ ಪದವೇ ನಮ್ಮ ಕಡೆ ಬಳಕೆಯಲ್ಲಿಲ್ಲ. ಅದು ಪೋರ್ಚುಗೀಸರಿಂದ ಕೊಂಕಣಿಗೆ ಬಂದುದು. ನಾವು 'ದೇವಾಲಯ' ಎನ್ನುತ್ತೇವೆ, ಹಿಂದಿನವರು 'ಕೋವಿಲು' ಎನ್ನುತ್ತಿದ್ದರು. ಅವರ ಮನೆಮಾತು ಕೊಂಕಣಿ, ನಮ್ಮಲ್ಲಿ ಅನೇಕರ ಅಜ್ಜಿಯರ ಜಪ ತಮಿಳಿನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೂ ಪೂಜೆ ಲತೀನಿನಲ್ಲಿ. ಆದರೂ ಶಾಲೆಯಲ್ಲಿ, ಸಂತೆಯಲ್ಲಿ, ನೆರೆಯವರೊಡನೆ ಎಲ್ಲರದೂ ಕನ್ನಡವೇ. ಡಿಸೋಜರು ಈ ಕನ್ನಡದಲ್ಲಿ ಕ್ರೈಸ್ತರ ಮನೆಯ ಒಳಗನ್ನು ತೋರಿಸಿದರು: ಅಲ್ಲಿನ ಮದುವೆ, ಜಗಳ, ಸಣ್ಣತನ, ಭಕ್ತಿ, ಪಾದ್ರಿಗಳ ಮೇಲಿನ ಗೌರವ, ಅವರ ಬಗ್ಗೆ ಹಿತ್ತಲಿನಲ್ಲಾಡುವ ಮಾತು. ಕ್ರೈಸ್ತರೆಂದರೆ ಪರಕೀಯರೆಂದು ತಿಳಿದಿದ್ದ ಓದುಗರಿಗೆ ಅವರು ಪಕ್ಕದ ಮನೆಯವರಾಗಿ ಕಂಡರು. ನಮ್ಮವರಲ್ಲಿ ಕೆಲವರಿಗೆ ಇದು ರುಚಿಸದೆ ಹೋಗಬಹುದು. ಸಮುದಾಯದ ಒಳ್ಳೆಯದನ್ನು ಮಾತ್ರ ಬರೆಯಬಾರದಿತ್ತೇ ಎಂದು ಕೇಳುವವರಿದ್ದಾರೆ. ಪಾಪನಿವೇದನೆಯ ಪೀಠಕ್ಕೆ ಹೋಗುವ ನಾವು ಹಾಗೆ ಕೇಳುವುದು ವಿಚಿತ್ರ.

ಅವರು ಬರೆದುದೆಲ್ಲವೂ ಒಂದೇ ತೂಕದ್ದೆಂದು ನಾವು ಹೇಳುವುದಿಲ್ಲ. ಅಷ್ಟು ಬರೆದವರಲ್ಲಿ ಕೆಲವು ಪುಸ್ತಕಗಳು ಅವಸರದಲ್ಲಿ ಮುಗಿದಂತೆ ತೋರುತ್ತವೆ. ಆದರೆ ಅವರ ವಾಕ್ಯ ಸರಳ. ಏಳನೆಯ ತರಗತಿ ಓದಿದ ತಾಯಂದಿರೂ ತಡೆಯಿಲ್ಲದೆ ಓದಬಲ್ಲರು. ವಿಮರ್ಶಕರು ಇದನ್ನು ಬಹುಕಾಲ ಗುಣವೆಂದು ಎಣಿಸಿದಂತಿಲ್ಲ.

ಈ ಸರಳತೆಯೇ ಅವರನ್ನು ಮಕ್ಕಳ ಬಳಿಗೂ ಕರೆದೊಯ್ದಿತು. 'ಮುಳುಗಡೆಯ ಊರಿಗೆ ಬಂದವರು' ಎಂಬ ಅವರ ಮಕ್ಕಳ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಗಮನಿಸಿ, ಹಿರಿಯರಿಗೆ ಹೇಳಿದ ಅದೇ ಮುಳುಗಡೆ. ಮಕ್ಕಳಿಗೆ ರಾಜಕುಮಾರಿ, ರಾಕ್ಷಸರ ಕಥೆ ಹೇಳಿ ಕಳುಹಿಸಿದರೆ ಸಾಕೆಂದು ಅವರು ತಿಳಿಯಲಿಲ್ಲ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ 1948ರ ಹಿರೇಭಾಸ್ಕರ ಅಣೆಕಟ್ಟು, ಹೊಸ ಅಣೆಕಟ್ಟಿನ ನೀರಿನಲ್ಲಿ ತಾನೇ ಮುಳುಗಿಹೋದದ್ದು, ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ. ಅಂಥ ನೆಲದ ಮಕ್ಕಳು 'ಇಲ್ಲಿ ಏನಿತ್ತು?' ಎಂದು ಕೇಳಿಯೇ ಕೇಳುತ್ತಾರೆ. ಕೇಳಿದ ಮಗುವಿಗೆ ನಿಜ ಹೇಳಬೇಕು, ಹೆದರದಂತೆಯೂ ಹೇಳಬೇಕು. ನಮ್ಮ ಜ್ಞಾನೋಪದೇಶದ ತರಗತಿಗಳನ್ನು ನಡೆಸುವವರು ಈ ಕಷ್ಟವನ್ನು ಬಲ್ಲರು.

ಗೌರವಗಳು ತಡವಾಗಿಯಾದರೂ ಬಂದವು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನೆರೆದ 80ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅದರ ನಂತರ ಶಾಲು ಹೊದೆದು ಮನೆಯಲ್ಲಿ ಕುಳಿತಿರಬಹುದಾಗಿತ್ತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ, ಎಂಬತ್ತು ದಾಟಿದ ಆ ವೃದ್ಧರು ವಿರೋಧದ ಮುಂಚೂಣಿಯಲ್ಲಿ ನಿಂತರು. ಒಮ್ಮೆ ಮುಳುಗಿಸಿಕೊಂಡವರನ್ನು ಮತ್ತೆ ಕೇಳದೆ ಇರುವುದು ಅವರಿಗೆ ಸಹನೆಯಾಗಲಿಲ್ಲ. 2025ರ ಜನವರಿ 5ರಂದು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅದೇ ವರ್ಷ ಜುಲೈ ತಿಂಗಳಲ್ಲಿ, ಅರವತ್ತು ವರ್ಷ ಲಾಂಚನ್ನೇ ನಂಬಿ ಬದುಕಿದ್ದ ಹಿನ್ನೀರಿನಾಚೆಯ ಜನರಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ದ್ವೀಪಕ್ಕೆ ಸೇತುವೆ ಬಂದುದನ್ನು ನೋಡಲು ಅವರಿರಲಿಲ್ಲ.

ಈ ಸ್ಮರಣ ಸಂಚಿಕೆಗಾಗಿ ನಮ್ಮ ದೇವಾಲಯದ ಹಳೆಯ ದಾಖಲೆ ಪುಸ್ತಕಗಳನ್ನು ಕೆಲವರು ಕುಳಿತು ಓದಿದ್ದಾರೆ. ಜ್ಞಾನಸ್ನಾನ, ವಿವಾಹ, ಮರಣ. ಹೆಸರು, ತಾರೀಖು, ಸಾಕ್ಷಿಗಳ ರುಜು. ಅವು ಅಮೂಲ್ಯವೇ. ಆದರೆ ಆ ಹೆಸರಿನವರು ಯಾವ ಊರಿನಿಂದ, ಯಾವ ಬರಗಾಲದಲ್ಲಿ, ಯಾರ ಗಾಡಿಯಲ್ಲಿ ಇಲ್ಲಿಗೆ ಬಂದರು, ಮೊದಲ ಗುಡಿಸಲಿನಲ್ಲಿ ಯಾವ ಭಾಷೆಯಲ್ಲಿ ಅತ್ತರು ಎಂಬುದು ಅಲ್ಲಿಲ್ಲ. ಇದನ್ನು ಬಲ್ಲ ನಾಲ್ಕಾರು ಮಂದಿ ಹಿರಿಯರು ಈಗ ಇದೇ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮುಂದಿನ ವರ್ಷದ ಹಬ್ಬಕ್ಕೆ ಎಲ್ಲರೂ ಇರುತ್ತಾರೆಂದು ಹೇಳುವ ಅಧಿಕಾರ ನಮಗಿಲ್ಲ.

ಆದುದರಿಂದ ಉತ್ಸವ ಸಮಿತಿಯವರ ಒಪ್ಪಿಗೆಯ ಮೇರೆಗೆ ಎರಡು ಏರ್ಪಾಡು ಮಾಡಲಾಗಿದೆ. 'ದ್ವೀಪ', 'ಮುಳುಗಡೆ', 'ಮುಳುಗಡೆಯ ಊರಿಗೆ ಬಂದವರು' ಈ ಪುಸ್ತಕಗಳನ್ನು ತರಿಸಿ ವಾಚನಾಲಯದ ಕಪಾಟಿನಲ್ಲಿ ಇರಿಸುತ್ತೇವೆ. ಹಾಗೆಯೇ ಜ್ಞಾನೋಪದೇಶದ ಮೇಲಿನ ತರಗತಿಯ ಪ್ರತಿ ಮಗುವಿಗೂ ನೂರು ಪುಟದ ಒಂದೊಂದು ನೋಟುಬುಕ್ಕು ಕೊಡಲಾಗುವುದು. ಮನೆಯ ಅಜ್ಜ ಅಜ್ಜಿಯರನ್ನು ಕೇಳಿ, ಅವರು ಹೇಳಿದಂತೆಯೇ, ತಿದ್ದದೆ ಬರೆದು ತರಬೇಕು. ಕಾಗುಣಿತದ ತಪ್ಪಿಗೆ ಯಾರೂ ಗದರುವುದಿಲ್ಲ. ಕಪಾಟಿನ ಬೀಗದ ಕೈ ಉಪದೇಶಿಗಳ ಬಳಿ ಇದೆ. ಭಾನುವಾರದ ಎರಡನೆಯ ಪೂಜೆಯ ನಂತರ ಒಂದು ಗಂಟೆಯ ಕಾಲ ವಾಚನಾಲಯ ತೆರೆದಿರುತ್ತದೆ.