ನೂರಕ್ಕೆ ಹದಿನೇಳು ಕಡಿಮೆ

(ಶತಮಾನೋತ್ಸವದ ಅಂಗವಾಗಿ ಗೋವೆಯ ಕೆಪೆಯಲ್ಲಿ ಸೇರಿದ್ದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಗಡಿ ದಾಟಿ ಬಂದು ಕುಶಾವತಿಯ ದಡದ ಈ ಕೆಪೆಯಲ್ಲಿ ಬದುಕು ಕಟ್ಟಿಕೊಂಡರೂ ತಾವು ಅಕ್ಷರ ಕಲಿಸಿದ ಶಾಲೆಯನ್ನು ಮರೆತಿಲ್ಲ. ಶತಮಾನೋತ್ಸವ ಬಂದಾಗ ನಾವು ಮೊದಲು ಬಂದು ನಿಂತದ್ದು ತಮ್ಮ ಬಾಗಿಲಿಗೆ. ಅಂದು ಬೇಡಲು ಬಂದಿದ್ದೆವು. ಇಂದು ಲೆಕ್ಕ ಒಪ್ಪಿಸಲು ಬಂದಿದ್ದೇವೆ.

‘ನೂರು ವರ್ಷಕ್ಕೆ ನೂರು ಕಿಲೋಮೀಟರು’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ನಾವೇ. ಐವತ್ತು ಮಕ್ಕಳು ಸರದಿಯ ಮೇಲೆ, ಕೈಯಿಂದ ಕೈಗೆ ಕೋಲು ದಾಟಿಸುತ್ತ, ಒಂದೇ ದಿನದಲ್ಲಿ ನೂರು ಕಿಲೋಮೀಟರು ಓಡುವರೆಂದು ಊರಿಗೆಲ್ಲ ಸಾರಿದೆವು. ಬಸ್ ನಿಲ್ದಾಣದ ಎದುರಿಗೆ ಫಲಕ ಕಟ್ಟಿಸಿದೆವು. ಕಿಲೋಮೀಟರಿಗೆ 500 ರೂಪಾಯಿಯಂತೆ ಶಾಲೆಯ ಗ್ರಂಥಾಲಯಕ್ಕೆ ಕೊಡುವುದಾಗಿ ತಾವು ಮಾತು ಕೊಟ್ಟಿರಿ; ಮಕ್ಕಳ ಮೇಲಿನ ವಿಶ್ವಾಸದಿಂದ ಪೂರ್ತಿ 50,000 ರೂಪಾಯಿಯನ್ನು ಮೊದಲೇ ಕಳುಹಿಸಿಯೂ ಬಿಟ್ಟಿರಿ. ಮಕ್ಕಳು ಓಡಿದ್ದು 83 ಕಿಲೋಮೀಟರು.

ಅದು ಹೇಗಾಯಿತೆಂದು ಹೇಳಬೇಕು. ನಮ್ಮ ಮೈದಾನದ ಒಂದು ಸುತ್ತು 200 ಮೀಟರು. ಐದು ಸುತ್ತಿಗೆ ಒಂದು ಕಿಲೋಮೀಟರು. ಹತ್ತನೆಯ ತರಗತಿಯ ಮೂವರು ಹುಡುಗರನ್ನು ಒಂದು ಸಂಜೆ ಓಡಿಸಿ ನೋಡಿ, ಕಿಲೋಮೀಟರಿಗೆ ಐದು ನಿಮಿಷವೆಂದು ಹಿಡಿದೆವು. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕು. ಮೂರಕ್ಕೆ ಸಭಾ ಕಾರ್ಯಕ್ರಮ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಆ ಮೂವರ ಕಸುವು ಆ ಮೂವರಿಗೆ ಮಾತ್ರ ಇತ್ತು. ಕರಾವಳಿಯ ಫೆಬ್ರವರಿಯ ಬಿಸಿಲು ಐವತ್ತು ಮಂದಿಗೂ ಇತ್ತು. ನೂರು ಎಂಬ ಸಂಖ್ಯೆಯ ಚೆಲುವಿಗೆ ಮನಸೋತು ಮಕ್ಕಳ ಕಾಲುಗಳನ್ನು ನಾವು ಕೇಳಲೇ ಇಲ್ಲ. ಈ ತಪ್ಪು ಓಡಿದವರದಲ್ಲ, ಓಡಿಸಿದ ನಮ್ಮದು.

ಒಂಬತ್ತೂವರೆಗೆ 41 ಕಿಲೋಮೀಟರು ಆಗಿತ್ತು. ಅನಂತರ ವೇಗ ಕುಗ್ಗಿತು. ಹನ್ನೆರಡಕ್ಕೆ 65 ಮುಗಿಯುವ ಹೊತ್ತಿಗೆ ಇಬ್ಬರು ಮಕ್ಕಳು ವಾಂತಿ ಮಾಡಿಕೊಂಡರು. ಸೀಟಿ ಊದಿಸಿ ಓಟ ನಿಲ್ಲಿಸಿದೆವು. ಅತಿಥಿಗಳಲ್ಲಿ ಕೆಲವರಿಗೆ ಅದು ರುಚಿಸಲಿಲ್ಲ. ಫಲಕದ ಮಾನವೇನು ಎಂದು ಕೇಳಿದವರೂ ಇದ್ದರು. ಮಕ್ಕಳಿಗೆ ಗಂಜಿ, ಮಜ್ಜಿಗೆ ಕೊಟ್ಟು ನೆರಳಿನಲ್ಲಿ ಮಲಗಿಸಿದೆವು. ನಾಲ್ಕೂಕಾಲಕ್ಕೆ ಮತ್ತೆ ಆರಂಭಿಸಿದ ಓಟ, ಕೈಯ ಕೋಲು ಕಾಣದಷ್ಟು ಕತ್ತಲಾದಾಗ 83ಕ್ಕೆ ನಿಂತಿತು.

ಬಿಸಿಲಿಗೆ ನಾವೇಕೆ ಅಂಜಿದೆವೆಂದರೆ, ಹಿಂದೊಂದು ಬಿಸಿಲಿನ ಓಟದ ಕಥೆ ನಮಗೆ ತಿಳಿದಿತ್ತು. 1912ರ ಜುಲೈ 14ರಂದು ಸ್ಟಾಕ್‌ಹೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ ಫ್ರಾನ್ಸಿಸ್ಕೊ ಲಾಜರೊ ಎಂಬ ಪೋರ್ಚುಗೀಸ್ ಬಡಗಿ ಓಡಿದನು. ಈ ಕೆಪೆಯೂ ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತಷ್ಟೆ. ಆ ದೇಶ ಒಲಿಂಪಿಕ್ಸಿಗೆ ಬಂದುದು ಅದೇ ಮೊದಲು. ಧ್ವಜ ಹಿಡಿದು ಮುಂದೆ ನಡೆದವನೂ ಅವನೇ. ಬಿಸಿಲಿನಿಂದ ರಕ್ಷಣೆಗೆಂದು ಮೈಗೆ ಜಿಡ್ಡು ಬಳಿದುಕೊಂಡಿದ್ದನಂತೆ. ಬೆವರಿಗೆ ದಾರಿಯಿಲ್ಲದೆ ದಾರಿಯಲ್ಲೇ ಕುಸಿದು, ಮರುದಿನ ತೀರಿಕೊಂಡನು.

ಅದೇ ಓಟದಲ್ಲಿ ಜಪಾನಿನ ಶಿಜೋ ಕಾನಾಕುರಿ ಇದ್ದನು. ಟೋಕಿಯೋದಲ್ಲಿ ಶಿಕ್ಷಕರ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿ, ನಮ್ಮ ವೃತ್ತಿಬಾಂಧವ! ಹಿಂದಿನ ವರ್ಷದ ಆಯ್ಕೆಯ ಓಟದಲ್ಲಿ ಜಗತ್ತಿನಲ್ಲೇ ಅತ್ಯುತ್ತಮವೆನಿಸಿದ ಹೊತ್ತಿನಲ್ಲಿ ಗುರಿ ಮುಟ್ಟಿದ್ದವನ ಮೇಲೆ ಇಡೀ ದೇಶದ ಆಸೆಯಿತ್ತು. ಸೆಕೆಗೆ ಸೋತು ನಡುದಾರಿಯಲ್ಲೇ ನಿಂತನು. ಒಂದು ಮನೆಯವರು ಉಪಚರಿಸಿದರು. ನಾಚಿಕೆಯಿಂದ ಅಧಿಕಾರಿಗಳಿಗೆ ಒಂದು ಮಾತನ್ನೂ ಹೇಳದೆ ಊರಿಗೆ ಮರಳಿದನು. ಸ್ವೀಡನ್ನಿನವರ ಪುಸ್ತಕದಲ್ಲಿ ಅವನು ‘ಕಾಣೆಯಾದವನು’. ಸೋತದ್ದಕ್ಕಿಂತ ಸೋತೆನೆಂದು ಹೇಳಲಾಗದೆ ಹೋದದ್ದೇ ಅವನನ್ನು ಹೆಚ್ಚು ಕಾಡಿರಬೇಕೆಂದು ನಮಗೆ ತೋರುತ್ತದೆ.

ಎಂಟು ವರ್ಷಗಳ ತರುವಾಯ, 1920ರ ಆಗಸ್ಟ್ 22ರಂದು, ಆಂಟ್ವೆರ್ಪ್ ನಗರದ ಮ್ಯಾರಥಾನಿನಲ್ಲಿ ಕಾನಾಕುರಿ ಮತ್ತೆ ಓಡಿದನು. ಅಂದು ಅದೇ ಹಾದಿಯಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೂ ಇದ್ದರು. ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಯ ತರುಣರನ್ನು ಕಂಡು, ಇವರು ಜಗತ್ತಿನ ಮುಂದೆ ನಿಲ್ಲಬಲ್ಲರೆಂದು ದೊರಾಬ್ಜಿ ಟಾಟಾರವರು ಹಟ ಹಿಡಿದು ಹಣ ಕೂಡಿಸಿ ಕಳುಹಿಸಿದ ಪುಟ್ಟ ತಂಡವದು. ಪದಕವೊಂದೂ ಬರಲಿಲ್ಲ. ಮ್ಯಾರಥಾನಿನಲ್ಲಿ ಚೌಗುಲೆಯವರ ಜೊತೆ ಹೊರಟ ಸದಾಶಿವ ದಾತಾರರು ಓಟ ಮುಗಿಸಲಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಕಾನಾಕುರಿ ಅವರಿಗಿಂತ ಎರಡು ನಿಮಿಷ ಮುಂದೆ, 16ನೆಯವನು. ಹಾದಿಯಾದರೂ ಎಂಥದು! 42.75 ಕಿಲೋಮೀಟರು, ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಹತ್ತೊಂಬತ್ತು ಎಂಬ ಆ ಅಂಕಿಯನ್ನು ಯಾರೂ ಮುಚ್ಚಿಡದ ಕಾರಣ ಇಂದು ಬೆಳಗಾವಿಯ ಹೆಸರನ್ನು ನಾವು ಹೆಮ್ಮೆಯಿಂದ ಹೇಳಬಹುದಾಗಿದೆ.

ಕಾನಾಕುರಿಯನ್ನು 1967ರಲ್ಲಿ ಸ್ವೀಡನ್ನಿನವರು ಕರೆಸಿ, ಬಿಟ್ಟುಹೋದ ಓಟವನ್ನು ಮುಗಿಸಿಕೊಡಲು ಕೇಳಿದರು. ವೃದ್ಧ ಶಿಕ್ಷಕರು ಕೋಟು ತೊಟ್ಟೇ ನಾಲ್ಕು ಹೆಜ್ಜೆ ಓಡಿ ಗೆರೆ ದಾಟಿದರು. ಹಿಡಿದ ಕಾಲ 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡು. ಇದನ್ನು ಹೇಳಿದಾಗಲೆಲ್ಲ ನಮ್ಮ ಮಕ್ಕಳು ನಗುತ್ತಾರೆ, ನಗಲಿ.

ಈಗ ನಮ್ಮ ಶಾಲೆಯ ವಿಷಯ. ಸ್ಮರಣ ಸಂಚಿಕೆಯ ಸಮಿತಿಯಲ್ಲಿ, ‘ನೂರು ಕಿಲೋಮೀಟರಿನ ಓಟ ಯಶಸ್ವಿಯಾಗಿ ಜರುಗಿತು’ ಎಂದು ಒಂದು ಸಾಲು ಬರೆದು ಮುಗಿಸೋಣವೆಂಬ ಸಲಹೆ ಬಂದಿತು. ಹಿತೈಷಿಗಳ ಸಲಹೆಯೇ; ಶುಭ ಸಂದರ್ಭದಲ್ಲಿ ಅಪಶ್ರುತಿ ಬೇಡವೆಂಬ ಸದ್ಭಾವ. ನಾವು ಒಪ್ಪಲಿಲ್ಲ. ಪಣಜಿಯಲ್ಲಿ 2019ರಲ್ಲಿ ಆರಂಭವಾದ ಐರನ್‌ಮ್ಯಾನ್ ಸ್ಪರ್ಧೆಯ ವಿಚಾರ ತಮಗೆ ಗೊತ್ತಿದೆ: 1.9 ಕಿಲೋಮೀಟರು ಕಡಲಲ್ಲಿ ಈಜು, 90 ಕಿಲೋಮೀಟರು ಸೈಕಲ್, ಮತ್ತೆ 21.1 ಕಿಲೋಮೀಟರು ಓಟ, ಎಲ್ಲವೂ ನಿಗದಿಯಾದ ಹೊತ್ತಿನೊಳಗೆ. ಅಲ್ಲಿ ಮುಗಿಸದವರ ಹೆಸರನ್ನೂ ಫಲಿತಾಂಶದಲ್ಲಿ ‘ಡಿ.ಎನ್.ಎಫ್.’ ಎಂಬ ಮೂರಕ್ಷರದೊಡನೆ ಬರೆಯುತ್ತಾರೆ. ಐವತ್ತು ಮಕ್ಕಳಿಗೆ ತಾವೆಷ್ಟು ಓಡಿದೆವೆಂಬುದು ಗೊತ್ತಿದೆ. ಅವರ ಕೈಯಲ್ಲಿರುವ ಪುಸ್ತಕದಲ್ಲಿ ನಾವೇ ಸುಳ್ಳು ಅಚ್ಚು ಹಾಕಿಸಿ, ನಾಳೆ ಪರೀಕ್ಷೆಯಲ್ಲಿ ನಕಲು ಮಾಡಬೇಡಿರೆಂದು ಯಾವ ಬಾಯಿಂದ ಹೇಳೋಣ? ವ್ಯಾಯಾಮ ಶಿಕ್ಷಕರ ಟಿಪ್ಪಣಿ ಪುಸ್ತಕದಲ್ಲಿರುವ ಒಂದೊಂದು ಕಿಲೋಮೀಟರಿನ ಹೊತ್ತೂ, ಓಡಿದವರ ಹೆಸರೂ ಇದ್ದಂತೆಯೇ ಸಂಚಿಕೆಯಲ್ಲಿ ಬರಲಿವೆ. ಅರವತ್ತೈದರ ಕೆಳಗೆ ‘ಮುಖ್ಯೋಪಾಧ್ಯಾಯಿನಿಯವರ ಆಜ್ಞೆಯಂತೆ ನಿಲುಗಡೆ’ ಎಂದೂ ಇದೆ, ಅದೂ ಬರುತ್ತದೆ.

ಅಂದು ಕೊನೆಯ ಕೋಲು ಹಿಡಿದು ಬಂದವಳು ಎಂಟನೆಯ ತರಗತಿಯ ಹುಡುಗಿ. “ಅಕ್ಕೋರೇ, ಉಳಿದ ಹದಿನೇಳನ್ನು ನಾಳೆ ಓಡಿದರೆ ಲೆಕ್ಕಕ್ಕೆ ಬರುತ್ತದೆಯೇ?” ಎಂದು ಕೇಳಿದಳು. ‘ಒಂದೇ ದಿನದಲ್ಲಿ’ ಎಂದು ಅಚ್ಚಾಗಿತ್ತು; ಬರುವುದಿಲ್ಲ ಎಂದೆವು. ಮರುದಿನ ಭಾನುವಾರ. ಯಾರೂ ಹೇಳದಿದ್ದರೂ ಬೆಳಿಗ್ಗೆ ಮೈದಾನದಲ್ಲಿ ಹನ್ನೊಂದು ಮಕ್ಕಳಿದ್ದರೆಂದು ಜವಾನರು ತಿಳಿಸಿದರು. ಎಷ್ಟು ಓಡಿದರೆಂಬುದನ್ನು ಯಾರೂ ಬರೆದಿಡಲಿಲ್ಲ. ಆದ್ದರಿಂದ ಸಂಚಿಕೆಯಲ್ಲಿ ಆ ಅಂಕಿ ಇಲ್ಲ.

83 ಕಿಲೋಮೀಟರಿಗೆ ಸಲ್ಲುವ 41,500 ರೂಪಾಯಿ ಗ್ರಂಥಾಲಯದ ಖಾತೆಗೆ ಜಮೆಯಾಗಿದೆ. ಉಳಿದ ಹದಿನೇಳರ 8,500 ರೂಪಾಯಿ ಈ ಲಕೋಟೆಯಲ್ಲಿದೆ. ತಮ್ಮ ಖಜಾಂಚಿಯವರು ದಯವಿಟ್ಟು ಎಣಿಸಿಕೊಂಡು ರಸೀದಿ ಕೊಡಬೇಕು.