ಕೆರೆ ಕಟ್ಟಿದವರು, ಹೂಳು ತೆಗೆದವರು

ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ ಚಂದ್ರವಳ್ಳಿ ಎಂಬ ಕಣಿವೆ ಇದೆ. ಅಲ್ಲಿನ ಭೈರವೇಶ್ವರ ಗುಡಿಯ ಹತ್ತಿರ ಒಂದು ಬಂಡೆ, ಬಂಡೆಯ ಮೇಲೆ ಮೂರೇ ಸಾಲಿನ ಒಂದು ಪ್ರಾಕೃತ ಶಾಸನ. ಕದಂಬರ ಮಯೂರಶರ್ಮ ಮಾಡಿಸಿದ ಕೆರೆಯ ಕೆಲಸದ ಸಂಗತಿ ಅದರಲ್ಲಿದೆ. ಕಾಲ 4ನೇ ಶತಮಾನ. ಮುಂದಿನ ಶತಮಾನಕ್ಕೆ ಬಂದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕಾಕುಸ್ಥವರ್ಮ ಕಟ್ಟಿಸಿದ ಕೆರೆ. ಆ ಕೆರೆಯ ನೆನಪಿಗೆ ನಿಲ್ಲಿಸಿದ ಕಂಬದ ಮೇಲೆ ಕವಿ ಕುಬ್ಜ ಕದಂಬ ವಂಶದ ಕಥೆಯನ್ನೆಲ್ಲ ಹೇಳಿದ್ದಾನೆ. ಕನ್ನಡ ನಾಡಿನ ಮೊದಲ ರಾಜವಂಶದ ಚರಿತ್ರೆಗೆ ನಮಗೆ ಸಿಕ್ಕ ಮುಖ್ಯ ಆಧಾರವೇ ಒಂದು ಕೆರೆಯ ನೆಪದಲ್ಲಿ ಬರೆದದ್ದು. ಇದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ನಮ್ಮ ಬಯಲುಸೀಮೆಯ ಮಳೆ ಹೇಗೆಂಬುದು ನಿಮಗೆ ಗೊತ್ತು. ನಾಲ್ಕು ತಿಂಗಳಲ್ಲಿ ಬೀಳಬೇಕು, ಆ ನಾಲ್ಕು ತಿಂಗಳಲ್ಲೂ ನಾಲ್ಕಾರು ದೊಡ್ಡ ಮಳೆಯಲ್ಲೇ ಮುಗಿಯಬೇಕು. ಕೋಲಾರ, ತುಮಕೂರು, ಚಿತ್ರದುರ್ಗದಂಥ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬಿದ್ದ ನೀರನ್ನು ಬಿದ್ದಲ್ಲೇ ಹಿಡಿಯದಿದ್ದರೆ ಬೆಳೆಯೂ ಇಲ್ಲ, ಬದುಕೂ ಇಲ್ಲ. ಹಾಗಾಗಿ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದಕ್ಕೂ ಕೆಳಗಿನದಕ್ಕೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ಸ್ಯಾಂಕಿ ಈ ಸರಣಿಗಳನ್ನು ನೋಡಿ, ಇಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದ. ಹಳೆಯ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 38 ಸಾವಿರ ಕೆರೆಗಳಿದ್ದವು.

ಕೆರೆ ಹೇಗಿರಬೇಕೆಂಬುದಕ್ಕೆ ಒಂದು ಶಾಸ್ತ್ರವೇ ಇತ್ತು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ, ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ 1369ರ ಶಾಸನವಿದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುತ್ತದೆ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳುತ್ತದೆ: ಜಲಶಾಸ್ತ್ರ ಬಲ್ಲವನು ಬೇಕು, ಗಟ್ಟಿ ನೆಲ ಬೇಕು, ಸಿಹಿನೀರಿನ ಹೊಳೆ ಬೇಕು, ಹತ್ತಿರದಲ್ಲಿ ಕಲ್ಲಿನ ಗಣಿ ಬೇಕು, ಕೆಲಸ ಬಲ್ಲ ಆಳುಗಳು ಬೇಕು, ಹೀಗೆ. ಆಮೇಲೆ ಆರು ದೋಷಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆಯಿದ್ದು ಗದ್ದೆ ಹೆಚ್ಚಿರುವುದು, ನೀರು ಹೆಚ್ಚಿದ್ದು ನೆಲ ಸಾಲದಿರುವುದು. ಇನ್ನೊಂದು ದೋಷವೆಂದರೆ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು! ಕಾವೇರಿಗಾಗಿ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು, 1990ರಲ್ಲಿ ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಕಂಡ ನಮಗೆ ಆ ಮಾತಿನ ಬೆಲೆ ಗೊತ್ತು.

ಆದರೆ ನಾನು ಇವತ್ತು ಹೆಚ್ಚಾಗಿ ಹೇಳಬೇಕೆಂದಿರುವುದು ಕಟ್ಟಿದವರ ವಿಷಯವನ್ನಲ್ಲ. ಕೆರೆ ಕಟ್ಟುವುದು ಎರಡು ವರ್ಷದ ಕೆಲಸ. ಅದನ್ನು ಉಳಿಸಿಕೊಳ್ಳುವುದು ಪ್ರತಿ ವರ್ಷದ ಕೆಲಸ. ಮಳೆಯ ಜೊತೆಗೆ ಮಣ್ಣು ಬರುತ್ತದೆ, ಅಂಗಳದಲ್ಲಿ ಹೂಳು ತುಂಬುತ್ತದೆ. ಇಲಿ ಹೆಗ್ಗಣ ಏರಿ ಕೊರೆಯುತ್ತವೆ, ತೂಬು ಸಡಿಲವಾಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು? ನಮ್ಮ ಹಿಂದಿನವರು ಈ ಪ್ರಶ್ನೆಗೂ ಕಲ್ಲಿನ ಮೇಲೇ ಉತ್ತರ ಬರೆದಿದ್ದಾರೆ. ಕೆರೆ ಕಟ್ಟಿದವನಿಗೆ, ಜೀರ್ಣೋದ್ಧಾರ ಮಾಡಿದವನಿಗೆ ಕಟ್ಟುಕೊಡಗೆ, ದಸವಂದ ಎಂದು ಭೂಮಿ ಬಿಟ್ಟರು. ಅಚ್ಚುಕಟ್ಟಿನ ಬೆಳೆಯಲ್ಲಿ ಒಂದು ಪಾಲನ್ನು ಬಿತ್ತುವಟ್ಟ ಎಂದು ಕೆರೆಯ ರಿಪೇರಿಗೇ ತೆಗೆದಿಟ್ಟರು. ಹೂಳು ಹೊರುವ ಬಂಡಿ, ಅದನ್ನೆಳೆಯುವ ಕೋಣ, ಹೊಡೆಯುವ ಆಳು, ಇವರಿಗೆಂದೇ ದತ್ತಿ ಬಿಟ್ಟ ಶಾಸನಗಳಿವೆ. ಬೇಸಿಗೆಯಲ್ಲಿ ಕೆರೆಯಂಗಳದ ಗೋಡು ಮಣ್ಣು ಹೊಲಕ್ಕೆ ಹೋಗುತ್ತಿತ್ತು. ಕೆರೆಗೆ ಆಳ, ಹೊಲಕ್ಕೆ ಗೊಬ್ಬರ.

ನೀರು ಹಂಚಲು ನೀರುಗಂಟಿ ಇದ್ದ. ತೂಬು ಎತ್ತುವವನು ಅವನೇ, ಕಾಲುವೆ ಕಾಯುವವನು ಅವನೇ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಶ್ಚಯಿಸುವವನೂ ಅವನೇ. ಕೆರೆ ಅರ್ಧಕ್ಕೇ ನಿಂತ ವರ್ಷ ಊರು ಸೇರಿ ಲೆಕ್ಕ ಹಾಕುತ್ತಿತ್ತು. ಇರುವ ನೀರಿಗೆ ಎಷ್ಟು ಗದ್ದೆ ಬೆಳೆಯಬಹುದೋ ಅಷ್ಟನ್ನು ತೂಬಿನ ಹತ್ತಿರ ಗುರುತು ಮಾಡಿ, ಎಲ್ಲ ರೈತರಿಗೂ ಅವರವರ ಹಿಡುವಳಿಗೆ ತಕ್ಕಂತೆ ಅಲ್ಲೇ ಪಾಲು ಕೊಡುವುದು. ಕೋಲಾರದ ಕಡೆ ಇದಕ್ಕೆ ದಾಮಾಷ ಎನ್ನುತ್ತಿದ್ದರು. ಕೊನೆಯ ಗದ್ದೆಯವನೂ ಬರಗಾಲದಲ್ಲಿ ಒಂದಿಷ್ಟು ಕಾಳು ಕಾಣುತ್ತಿದ್ದ.

ಇಷ್ಟು ಹೇಳಿ, ಹಿಂದಿನದೆಲ್ಲ ಚಿನ್ನದ ಕಾಲವಾಗಿತ್ತು ಎಂದರೆ ಅದು ಸುಳ್ಳಾಗುತ್ತದೆ. ಅನೇಕ ಊರುಗಳಲ್ಲಿ ನೀರುಗಂಟಿ ದಲಿತ ಕುಟುಂಬದವನು. ಊರಿನ ಗದ್ದೆಗೆಲ್ಲ ನೀರು ಬಿಡುವ ಕೈ ಅವನದು, ಊರ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳುವ ಹಕ್ಕು ಅವನ ಮನೆಯವರಿಗಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಈ ದೇಶದ ನೀರಿನ ಚರಿತ್ರೆಯಲ್ಲಿ ಯಾವ ಅಣೆಕಟ್ಟಿನ ಉದ್ಘಾಟನೆಗಿಂತಲೂ ಅದು ದೊಡ್ಡ ದಿನವೆಂದೇ ನನ್ನ ಎಣಿಕೆ.

19ನೇ ಶತಮಾನದಲ್ಲಿ ಬ್ರಿಟಿಷರ ಕಂದಾಯ ವ್ಯವಸ್ಥೆ ಬಂತು. ಕೆರೆಗೆಂದು ಬಿಟ್ಟಿದ್ದ ಇನಾಮು ಭೂಮಿಗಳು ಒಂದೊಂದಾಗಿ ಸರ್ಕಾರದ ಲೆಕ್ಕಕ್ಕೆ ಸೇರಿದವು. ಅಚ್ಚುಕಟ್ಟಿನ ಕಂದಾಯ ಖಜಾನೆಗೆ, ದುರಸ್ತಿಯ ಹೊಣೆ 1856ರಲ್ಲಿ ಹುಟ್ಟಿದ ಲೋಕೋಪಯೋಗಿ ಇಲಾಖೆಗೆ. ಹಳ್ಳಿಯವರ ಕೈಯಲ್ಲಿ ಉಳಿದದ್ದು ಅರ್ಜಿ ಮಾತ್ರ. ಅದರ ಬೆನ್ನಿಗೇ 1876ರಿಂದ 78ರವರೆಗಿನ ಮಹಾಕ್ಷಾಮ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ 42 ಲಕ್ಷಕ್ಕೆ ಇಳಿದರು. ಮಳೆಯೇ ಇಲ್ಲದ ವರ್ಷ ಯಾವ ಕೆರೆಯೂ ತುಂಬುವುದಿಲ್ಲ, ನಿಜ. ಆದರೆ ಹೂಳು ತುಂಬಿದ ಕೆರೆ ಬಂದ ಅಲ್ಪ ಮಳೆಯನ್ನೂ ಹಿಡಿದಿಡಲಾರದು. ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿ ಕಾಯಿದೆ ತಂದು ಊರಿನವರಿಗೇ ಮತ್ತೆ ಹೊಣೆ ವಹಿಸಲು ನೋಡಿತು. ಭೂಮಿ ಹೋದ ಮೇಲೆ ಬಂದ ಹೊಣೆ ಅದು. ಬೇರು ಬಿಡಲಿಲ್ಲ.

ಅದೇ 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಶುರುವಾಯಿತು. ಮಂಡ್ಯದ ಕಬ್ಬು, ಭತ್ತ, ಬೆಂಗಳೂರಿನ ನಲ್ಲಿ ನೀರು, ಎಲ್ಲವೂ ಆ ಕಟ್ಟೆಯ ಋಣ. ಅದಕ್ಕೂ ಮೊದಲು, 1907ರಲ್ಲಿ, ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು ಮುಗಿದಿತ್ತು. 1933ರಲ್ಲಿ ಅದು ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಚಿತ್ರದುರ್ಗದ ಜನ ಅವತ್ತು ಸಂಸಾರ ಸಮೇತ ಹೋಗಿ ಕೋಡಿ ನೀರು ನೋಡಿ ಕೈಮುಗಿದರು.

ಸ್ವಾತಂತ್ರ್ಯ ಬಂದ ಮೇಲೆ ದೇಶಕ್ಕೆ ಅನ್ನ ಬೇಕಿತ್ತು, ವಿದ್ಯುತ್ ಬೇಕಿತ್ತು. ಭಾಕ್ರಾ, ಹಿರಾಕುಡ್, ತುಂಗಭದ್ರಾ ಬಂದವು. ಅವುಗಳನ್ನು ಹಳಿಯುವವನು ನಾನಲ್ಲ. ರಾಯಚೂರು, ಸಿಂಧನೂರಿನ ಭತ್ತದ ಅನ್ನ ಉಂಡವರು ಹಾಗೆ ಹಳಿಯಬಾರದು. ಆದರೂ ಅಣೆಕಟ್ಟುಗಳನ್ನು ಆಧುನಿಕ ದೇಗುಲಗಳೆಂದ ನೆಹರೂ ಅವರೇ 1958ರಲ್ಲಿ, ದೊಡ್ಡದನ್ನೇ ಕಟ್ಟಬೇಕೆನ್ನುವ ಹಂಬಲ ಒಂದು ರೋಗವಾದೀತು ಎಂದು ಎಂಜಿನಿಯರುಗಳ ಎದುರಿಗೇ ಎಚ್ಚರಿಸಿದ್ದರು. ಆ ಮಾತು ಯಾರಿಗೂ ನೆನಪುಳಿಯಲಿಲ್ಲ. ಹೂಳು ಮಾತ್ರ ದೊಡ್ಡ ಅಣೆಕಟ್ಟು, ಸಣ್ಣ ಕೆರೆ ಎಂದು ಭೇದ ಮಾಡಲಿಲ್ಲ. ತುಂಗಭದ್ರೆಯ ಜಲಾಶಯ ಮೊದಲು ಹಿಡಿಯುತ್ತಿದ್ದುದು ಸುಮಾರು 133 ಟಿಎಂಸಿ, ಈಗ ಹಿಡಿಯುವುದು 105ರ ಆಸುಪಾಸು. 2024ರ ಆಗಸ್ಟಿನ ಒಂದು ರಾತ್ರಿ ಅದರ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರು ತುಂಬಿದ ಜಲಾಶಯ ಬರಿದಾಗುವುದನ್ನು ಉಸಿರು ಬಿಗಿಹಿಡಿದು ನೋಡಿದರು.

ಆ ದೊಡ್ಡ ಅಣೆಕಟ್ಟುಗಳು ಏಳುತ್ತಿದ್ದ ಕಾಲದಲ್ಲೇ ಹಳ್ಳಿಗಳಲ್ಲಿ ಇನ್ನೊಂದು ಬದಲಾವಣೆ ಆಯಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಜಾತಿಗೆ ಅಂಟಿಸಿದ ದುಡಿಮೆ ಹೋಗಲೇಬೇಕಿತ್ತು. ಆದರೆ ಹುದ್ದೆ ಹೋದಾಗ ಕೆಲಸವೂ ಹೋಯಿತು. ತೂಬು ಎತ್ತುವುದಕ್ಕೆ, ಏರಿಯ ಮೇಲೆ ಬೆಳೆದ ಜಾಲಿ ಕಡಿಯುವುದಕ್ಕೆ ಸಂಬಳ ಕೊಟ್ಟು ಯಾರನ್ನೂ ಇಡಲಿಲ್ಲ.

ಆಗ ಬಂತು ಕೊಳವೆಬಾವಿ. ಮೊದಲು ಅದು ತಾಯಂದಿರ ತಲೆಯ ಮೇಲಿನ ಭಾರ ಇಳಿಸಲು ಬಂದದ್ದು. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ಪ್ರೀತಿಯಿಂದ ಅವರನ್ನು ನೀರ್ ಸಾಬ್ ಎಂದು ಕರೆದರು. ಆ ಪಂಪಿನಲ್ಲಿ ಎಲ್ಲ ಜಾತಿಯವರೂ ನೀರು ಹಿಡಿದರು. ಅದು ಪುಣ್ಯದ ಕೆಲಸ, ಇವತ್ತಿಗೂ ನಾನು ಹಾಗೆಯೇ ಹೇಳುತ್ತೇನೆ. ತೊಂದರೆ ಶುರುವಾದದ್ದು ಅದೇ ರಿಗ್ಗು ಹೊಲಕ್ಕೆ ಇಳಿದ ಮೇಲೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾಯಿತು. ಸ್ವಂತ ಬೋರ್ ಇರುವವನಿಗೆ ಕೆರೆಯ ಚಿಂತೆ ಏಕೆ? ಕೆರೆ ಬತ್ತಿತು, ಕೆರೆ ಬತ್ತಿದ ಮೇಲೆ ಬೋರೂ ಬತ್ತಿತು. ಇಂಗಬೇಕಾದ ನೀರು ಅಲ್ಲಿಂದಲೇ ಬರಬೇಕಿತ್ತಲ್ಲ. ಕೋಲಾರದಲ್ಲಿ ಸಾವಿರ ಅಡಿ ದಾಟಿ ಕೊರೆದರು, ಬಂದ ನೀರಿನಲ್ಲಿ ಫ್ಲೋರೈಡ್. ಸಾಲ ಮಾಡಿ ಕೊರೆಸಿದ ಬೋರು ಫೇಲಾಗಿ ಮುರಿದುಬಿದ್ದ ಸಂಸಾರಗಳೆಷ್ಟೋ.

ಇಡೀ ದೇಶದ ಕಥೆಯೂ ಇದೇ. ಜಗತ್ತಿನ ಜನರಲ್ಲಿ ಶೇಕಡಾ 18ರಷ್ಟು ಮಂದಿ ನಾವು, ನಮ್ಮ ಪಾಲಿನ ಸಿಹಿನೀರು ಶೇಕಡಾ 4. ತಲೆಗೆ ವರ್ಷಕ್ಕೆ 1951ರಲ್ಲಿ 5,177 ಘನ ಮೀಟರ್ ನೀರಿತ್ತು, 2011ಕ್ಕೆ ಅದು 1,545ಕ್ಕೆ ಇಳಿಯಿತು. ನೆಲದೊಳಗಿಂದ ವರ್ಷಕ್ಕೆ ಸುಮಾರು 240 ಶತಕೋಟಿ ಘನ ಮೀಟರ್ ಎತ್ತುತ್ತೇವೆ. ಜಗತ್ತಿನಲ್ಲಿ ಇನ್ನಾವ ದೇಶವೂ ಇಷ್ಟು ಎತ್ತುವುದಿಲ್ಲ.

ಬೆಂಗಳೂರನ್ನು ನೋಡಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ, ಬಳಸಿ ಬೆಳ್ಳಂದೂರು ಕೆರೆಗೆ ಬಿಡುತ್ತೇವೆ. ಆ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿರುವುದು ಕೆ.ಸಿ. ವ್ಯಾಲಿ ಯೋಜನೆ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರದ ಕೆರೆ. ಅಲ್ಲಿಂದ ಕೋಡಿಯಿಂದ ಕೋಡಿಗೆ, ಹಳೆಯವರು ಹಾಕಿಟ್ಟ ಅದೇ ಸರಣಿಯಲ್ಲಿ, ನೀರು ಕೆಳಗಿನ ಕೆರೆಗಳಿಗೆ ಹರಿಯಿತು. ಬತ್ತಿದ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಜೊತೆಗೆ ಕೋಲಾರದ ರೈತರು ಮೂರನೆಯ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಹೋರಾಟ ಮಾಡುತ್ತಿದ್ದಾರೆ. ನ್ಯಾಯವಾದ ಬೇಡಿಕೆ ಅದು. ನಗರ ಉಪಯೋಗಿಸಿ ಬಿಟ್ಟ ನೀರು ಹಳ್ಳಿಯ ಅಂತರ್ಜಲಕ್ಕೆ ಸೇರುವಾಗ, ಅದರ ಶುದ್ಧಿಯ ಖರ್ಚು ನಗರದ್ದೇ ಆಗಬೇಕು.

ಇನ್ನೊಂದು ಬೇಡಿಕೆ ನನ್ನದು. ಇವತ್ತು ಗ್ರಾಮ ಪಂಚಾಯಿತಿಯಲ್ಲಿ ನಲ್ಲಿ ನೀರು ಬಿಡಲು ವಾಟರ್‌ಮನ್ ಇದ್ದಾನೆ, ಅವನಿಗೆ ಸಂಬಳವಿದೆ. ಕೆರೆಗೂ ಅಂಥ ಒಬ್ಬರು ಬೇಕು, ಯಾವ ಜಾತಿಯವರೇ ಆಗಲಿ, ಗಂಡಸಾಗಲಿ ಹೆಂಗಸಾಗಲಿ, ತಿಂಗಳ ಸಂಬಳದ ಮೇಲೆ. ಒಂದು ಸಲದ ಹೂಳೆತ್ತುವ ಕಾಮಗಾರಿಗೆ ಕೋಟಿಗಟ್ಟಲೆ ಮಂಜೂರು ಮಾಡುವ ಸರ್ಕಾರಗಳಿಗೆ ಈ ಸಂಬಳ ದೊಡ್ಡ ಹೊರೆಯಲ್ಲ. ಮುಂದಿನ ಗ್ರಾಮಸಭೆಗೆ ಹೋಗುವವರು ನಿಮ್ಮಲ್ಲಿ ಇದ್ದರೆ ಎದ್ದು ನಿಂತು ಕೇಳಿ: ನಮ್ಮ ಕೆರೆಯ ತೂಬು ಯಾರ ಹೊಣೆ, ರಾಜಕಾಲುವೆಯ ಒತ್ತುವರಿ ಯಾವಾಗ ತೆರವಾಗುತ್ತದೆ, ಈ ಬೇಸಿಗೆಯ ಗೋಡು ಯಾರ ಹೊಲಕ್ಕೆ ಹೋಗುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಬನ್ನಿ.